ಇಯೊಸಿನೊಫಿಲ್ ಪೂರ್ತಿ ಹೋದರೂ ತುತ್ತು ಇಳಿಯಲ್ಲ ಅಂದ್ರೆ ಹೇಗೆ? ಯಾವ ಇಂಜೆಕ್ಷನ್ ಸರಿ?

ನಿಧಾನದ ಊಟ

ನನಗೆ ಇಯೊಸಿನೊಫಿಲಿಕ್ ಈಸೊಫೆಜೈಟಿಸ್ ಇದೆ ಅಂತ ಗೊತ್ತಾಗಿ ಆರು ವರ್ಷ ಆಯಿತು. ಅಂದರೆ ಅನ್ನನಾಳದ ಉರಿಯೂತ, ಅಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣಗಳು ಬಂದು ಸೇರಿಕೊಳ್ಳುತ್ತವೆ. ಇಲ್ಲಿ ಎಲ್ಲರೂ ಇಒಇ ಅಂತಲೇ ಬರೆಯುತ್ತೀರಿ, ನಾನೂ ಹಾಗೇ ಬರೆಯುತ್ತೇನೆ. ಆದರೆ ತೊಂದರೆ ಶುರುವಾಗಿದ್ದು ಅದಕ್ಕೂ ತುಂಬಾ ಹಿಂದೆ. ಕಾಲೇಜಿನಲ್ಲಿದ್ದಾಗಲೇ ತುತ್ತು ಎದೆಯ ನಡುವೆ ನಿಂತುಬಿಡುತ್ತಿತ್ತು. ಅವಸರದಲ್ಲಿ ತಿನ್ನುತ್ತೀಯ ಅಂತ ಎಲ್ಲರೂ ಬೈಯುತ್ತಿದ್ದರು. ಮೊದಲು ಆಸಿಡಿಟಿ ಮಾತ್ರೆ ಕೊಟ್ಟರು, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ನುಂಗುವ ಬ್ಯುಡೆಸೊನೈಡ್ ಅನ್ನುವ ಸ್ಟೀರಾಯ್ಡ್. ಅದು ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸಿತು, ಈಗ ಒಂದು ವರ್ಷದಿಂದ ಮತ್ತೆ ಮೊದಲಿನ ಹಾಗೇ. ಹೋದ ತಿಂಗಳು ಒಂದು ತುತ್ತು ಸಿಕ್ಕಿಹಾಕಿಕೊಂಡು ನಾಲ್ಕು ಗಂಟೆ ಉಗುಳು ಕೂಡ ಇಳಿಯಲಿಲ್ಲ. ರಾತ್ರಿ ಎಂಡೋಸ್ಕೋಪಿ ಮಾಡಿ ತೆಗೆದರು. ಬಯಾಪ್ಸಿಯಲ್ಲಿ ಸೂಕ್ಷ್ಮದರ್ಶಕದ ಒಂದು ಫೀಲ್ಡಿಗೆ 70 ಇಯೊಸಿನೊಫಿಲ್ ಅಂತ ಬಂದಿದೆ.

ಈಗ ಡಾಕ್ಟರ್ ಡುಪಿಲುಮಾಬ್ ಶುರು ಮಾಡೋಣ ಅಂತಿದ್ದಾರೆ, ವಾರಕ್ಕೊಂದು ಇಂಜೆಕ್ಷನ್. ನನ್ನ ಗೊಂದಲ ಇದು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಅಸ್ತಮಾಕ್ಕೆ ಬೆನ್ರಾಲಿಝುಮಾಬ್ ತೆಗೆದುಕೊಳ್ಳುತ್ತಾರೆ. ಅದು ಇಯೊಸಿನೊಫಿಲ್‌ಗಳನ್ನು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾಡುತ್ತದೆ, ಅದೂ ಎಂಟು ವಾರಕ್ಕೊಮ್ಮೆ ತೆಗೆದುಕೊಂಡರೆ ಸಾಕು. ನನ್ನ ಕಾಯಿಲೆಯ ಹೆಸರಲ್ಲೇ ಇಯೊಸಿನೊಫಿಲ್ ಇದೆ. ಹಾಗಿದ್ದ ಮೇಲೆ ನೇರವಾಗಿ ಅದನ್ನೇ ಹೊಡೆಯುವ ಔಷಧಿ ಬಿಟ್ಟು ವಾರ ವಾರ ಚುಚ್ಚಿಕೊಳ್ಳುವುದು ಯಾಕೆ? ಡಾಕ್ಟರನ್ನು ಕೇಳಿದೆ, "ಅದು ಇದಕ್ಕೆ ಕೆಲಸ ಮಾಡಲಿಲ್ಲ" ಅಂದರು ಅಷ್ಟೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಗೊತ್ತಿದ್ದವರು ಬಿಡಿಸಿ ಹೇಳಿ.

ಮೂರನೇ ಬೆಂಚು

ನನಗೂ ಇದೇ ಪ್ರಶ್ನೆ ಇತ್ತು. ಉತ್ತರಕ್ಕೆ ಕಾಯುತ್ತಿದ್ದೇನೆ.

ಸ್ಲೈಡ್ ನೋಡುವವಳು

ನಾನು ಪೆಥಾಲಜಿಯಲ್ಲಿ ಕೆಲಸ ಮಾಡುತ್ತೇನೆ, ದಿನಾ ಎಣಿಸುವುದೇ ಈ ಕಣಗಳನ್ನು. ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯ ಪ್ರಶ್ನೆ, ಯಾಕಂದ್ರೆ ದೊಡ್ಡ ದೊಡ್ಡ ಸಂಶೋಧಕರೂ ಹೀಗೇ ಅಂದುಕೊಂಡಿದ್ದರು.

ಆರೋಗ್ಯವಾಗಿರುವ ಅನ್ನನಾಳದ ಒಳಪದರದಲ್ಲಿ ಇಯೊಸಿನೊಫಿಲ್ ಇರಲೇಬಾರದು. ಸೂಕ್ಷ್ಮದರ್ಶಕದಲ್ಲಿ ಒಂದು ಫೀಲ್ಡಿಗೆ 15 ಅಥವಾ ಜಾಸ್ತಿ ಕಂಡರೆ, ಜೊತೆಗೆ ನುಂಗುವ ತೊಂದರೆಯೂ ಇದ್ದು ಬೇರೆ ಕಾರಣ ಇಲ್ಲ ಅಂತಾದರೆ, ಇಒಇ ಅನ್ನುತ್ತೇವೆ. ಹಾಗಾಗಿ ಇದನ್ನು ಕೊಂದರೆ ಕಾಯಿಲೆ ಹೋಯಿತು ಅನ್ನುವ ಲೆಕ್ಕ ಸಹಜ. ಬೆನ್ರಾಲಿಝುಮಾಬ್ ಇಯೊಸಿನೊಫಿಲ್‌ಗಳ ಮೇಲಿರುವ ಐಎಲ್-5 ರಿಸೆಪ್ಟರ್ ಅನ್ನುವ ಗ್ರಾಹಕಕ್ಕೆ ಅಂಟಿಕೊಂಡು ಅವುಗಳನ್ನು ಸಾಯಿಸುತ್ತದೆ. ಅದನ್ನು ಇಒಇ ಇರುವ 211 ಜನರಲ್ಲಿ ಪರೀಕ್ಷಿಸಿದರು. ಮೆಸಿನಾ ಅಂತ ಆ ಪ್ರಯೋಗದ ಹೆಸರು, 2024ರಲ್ಲಿ ಫಲಿತಾಂಶ ಪ್ರಕಟವಾಯಿತು. 24 ವಾರಕ್ಕೆ ಔಷಧಿ ಪಡೆದವರಲ್ಲಿ ಸುಮಾರು 87% ಜನರ ಬಯಾಪ್ಸಿಯಲ್ಲಿ ಇಯೊಸಿನೊಫಿಲ್ 6 ಅಥವಾ ಅದಕ್ಕಿಂತ ಕೆಳಗೆ ಇಳಿದಿತ್ತು. ಪ್ಲಸೀಬೊದಲ್ಲಿ, ಅಂದರೆ ಔಷಧಿ ಇಲ್ಲದ ಸುಳ್ಳು ಇಂಜೆಕ್ಷನ್ ಪಡೆದವರಲ್ಲಿ, 6.5% ಮಾತ್ರ. ಇಷ್ಟು ಒಳ್ಳೆಯ ಅಂಕಿ ಡುಪಿಲುಮಾಬಿಗೂ ಬಂದಿಲ್ಲ. ಆದರೆ ನುಂಗುವ ಕಷ್ಟ? ಎರಡೂ ಗುಂಪಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಸ್ಲೈಡ್ ಸ್ವಚ್ಛ, ರೋಗಿ ಹಾಗೇ.

ಇದು ಒಂದೇ ಅಲ್ಲ. ಇಯೊಸಿನೊಫಿಲ್ ಮೇಲಿರುವ ಸಿಗ್ಲೆಕ್-8 ಅನ್ನುವ ಪ್ರೊಟೀನನ್ನು ಹಿಡಿಯುವ ಲಿರೆಂಟೆಲಿಮಾಬ್ ಬಗ್ಗೆ 2020ರಲ್ಲಿ ತುಂಬಾ ಆಸೆ ಹುಟ್ಟಿತ್ತು. 2021ರ ಕೊನೆಯಲ್ಲಿ ದೊಡ್ಡ ಪ್ರಯೋಗಗಳು ಮುಗಿದಾಗ ಅಲ್ಲೂ ಇದೇ ಆಯಿತು, ಕಣ ಇಳಿಯಿತು, ಲಕ್ಷಣ ಇಳಿಯಲಿಲ್ಲ.

ನಿಧಾನದ ಊಟ

ಓದಿ ಸುಮ್ನೆ ಕೂತೆ. ಹಾಗಾದರೆ ಆರು ವರ್ಷದಿಂದ ನಾನು ಹೆದರುತ್ತಿದ್ದ ಆ ನಂಬರಿಗೆ ಅರ್ಥವೇ ಇಲ್ವಾ?

ಸ್ಲೈಡ್ ನೋಡುವವಳು

ಅರ್ಥ ಇದೆ. ಅದು ಹೊಗೆ ಇದ್ದ ಹಾಗೆ, ಹೊಗೆ ಕಂಡರೆ ಬೆಂಕಿ ಇದೆ ಅಂತ ಗೊತ್ತಾಗುತ್ತದೆ. ಫ್ಯಾನ್ ಹಾಕಿ ಹೊಗೆ ಮಾತ್ರ ಹೊರಗೆ ಕಳಿಸಿದರೆ ಬೆಂಕಿ ಆರುವುದಿಲ್ಲ.

ಬೆಂಕಿ ಅಂದರೆ ಇಲ್ಲಿ ಐಎಲ್-4 ಮತ್ತು ಐಎಲ್-13 ಅನ್ನುವ, ರೋಗನಿರೋಧಕ ಕೋಶಗಳು ಕಳಿಸುವ ಸಂದೇಶ ಪ್ರೊಟೀನುಗಳು, ಅದರಲ್ಲೂ ಐಎಲ್-13. ಅದು ಅನ್ನನಾಳದ ಒಳಪದರದ ಜೀವಕೋಶಗಳಿಗೇ ನೇರವಾಗಿ ಆದೇಶ ಕೊಡುತ್ತದೆ. ಆ ಕೋಶಗಳು ಇಯೊಟ್ಯಾಕ್ಸಿನ್-3 ಅನ್ನುವ ವಸ್ತುವನ್ನು ಸುರಿಸಿ ಇಯೊಸಿನೊಫಿಲ್‌ಗಳನ್ನು ಕರೆಯುತ್ತವೆ. ಅದೇ ಹೊತ್ತಿಗೆ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೊಟೀನುಗಳು ಕಡಿಮೆಯಾಗಿ ಪದರ ಸಡಿಲ ಆಗುತ್ತದೆ, ಆಹಾರದ ಅಂಶ ಒಳಗೆ ಇಳಿಯುತ್ತದೆ. ಅಲರ್ಜಿಯಲ್ಲಿ ಕೆಲಸ ಮಾಡುವ ಮಾಸ್ಟ್ ಕೋಶಗಳೂ ಬಂದು ಸೇರುತ್ತವೆ. ಕೆಳಗಿನ ಪದರದಲ್ಲಿ ನಾರು ಬೆಳೆದು ನಾಳ ಗಟ್ಟಿಯಾಗುತ್ತದೆ. ಇಯೊಸಿನೊಫಿಲ್ ಒಂದನ್ನೇ ತೆಗೆದರೆ ಉಳಿದ ಇಷ್ಟೂ ನಡೆಯುತ್ತಲೇ ಇರುತ್ತದೆ. ಡುಪಿಲುಮಾಬ್ ಹಿಡಿಯುವುದು ಐಎಲ್-4 ಮತ್ತು ಐಎಲ್-13 ಎರಡೂ ಬಳಸುವ ಒಂದೇ ಬಾಗಿಲನ್ನು.

ಗಟ್ಟಿ ಮಾತು

ಒಂದು ನಿಮಿಷ. ಕಣಕ್ಕೆ ಸಂಬಂಧ ಇಲ್ಲ ಅನ್ನುವ ತೀರ್ಮಾನಕ್ಕೆ ಇಷ್ಟು ಬೇಗ ಬರಬೇಡಿ. 24 ವಾರ ಸಾಕಾ? ಹತ್ತು ವರ್ಷದಲ್ಲಿ ಗಟ್ಟಿಯಾದ ನಾಳ ಆರು ತಿಂಗಳಲ್ಲಿ ಮೆತ್ತಗಾಗುತ್ತದಾ? ಬೆನ್ರಾಲಿಝುಮಾಬ್ ಎರಡು ವರ್ಷ ಕೊಟ್ಟಿದ್ದರೆ ಏನಾಗುತ್ತಿತ್ತೋ.

ಇನ್ನೊಂದು ವಿಷಯ. ಲಕ್ಷಣ ಅಳೆಯುವುದು ರೋಗಿಯನ್ನು ಕೇಳಿ. ನಾವು ಇಒಇಯವರು ಆ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡುವುದೇ ಇಲ್ಲ, ಸುಳ್ಳು ಹೇಳುತ್ತೇವೆ ಅಂತಲ್ಲ, ನಮಗೇ ಗೊತ್ತಿರುವುದಿಲ್ಲ. ಪ್ರತಿ ತುತ್ತಿಗೂ ನೀರು ಕುಡಿಯುತ್ತೇವೆ. ಚಿಕ್ಕದಾಗಿ ಕತ್ತರಿಸುತ್ತೇವೆ. ಗಟ್ಟಿ ಪದಾರ್ಥ ತಟ್ಟೆಯ ಅಂಚಿಗೆ ತಳ್ಳುತ್ತೇವೆ. ಮಾತ್ರೆ ಕಂಡರೆ ಹೆದರುತ್ತೇವೆ. ಎಲ್ಲರೂ ಕೈ ತೊಳೆದು ಬಂದ ಮೇಲೂ ನಾವು ಅಗಿಯುತ್ತಿರುತ್ತೇವೆ. ಆಮೇಲೆ ಡಾಕ್ಟರ್ ಕೇಳಿದರೆ "ಈಗ ಪರವಾಗಿಲ್ಲ ಸರ್" ಅನ್ನುತ್ತೇವೆ.

ಪುಟ್ಟಿಯ ಅಮ್ಮ

ಗಟ್ಟಿ ಮಾತು ಅವರೇ, ಕೊನೆಯ ಸಾಲು ಓದಿ ಕಣ್ಣು ತುಂಬಿತು. ನನ್ನ ಮಗಳು ಎಂಟು ವರ್ಷದವಳು. ಅವಳು ಒಂದೊಂದು ತುತ್ತನ್ನೂ ಕೆನ್ನೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು, ನಾನು ಹಟ ಅಂತ ಗದರುತ್ತಿದ್ದೆ. ಅದು ನುಂಗುವ ಹೆದರಿಕೆ ಅಂತ ಗೊತ್ತಾಗಿದ್ದು ಎಂಡೋಸ್ಕೋಪಿ ಆದ ಮೇಲೆ. ಈಗ ಡುಪಿಲುಮಾಬ್ ಮೇಲೆ ಏಳು ತಿಂಗಳು. ಮೊದಲು ಮಗು ಒಂದು ಊಟಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತಿತ್ತು. ಹೋದ ವಾರ ನೀರಿನ ಲೋಟ ಮುಟ್ಟದೆ ಊಟ ಮುಗಿಸಿ ಆಡಲು ಓಡಿತು. ನಾನು ಆ ತುಂಬಿದ ಲೋಟವನ್ನೇ ನೋಡುತ್ತಾ ನಿಂತಿದ್ದೆ.

ಮೂರನೇ ಬೆಂಚು

ಅಕ್ಕಾ, ಮಕ್ಕಳಿಗೆ ಕೊಡಬಹುದಾ? 12 ವರ್ಷ ತುಂಬಿರಬೇಕು ಅಂತ ಎಲ್ಲೋ ಓದಿದ್ದೆ.

ಪುಟ್ಟಿಯ ಅಮ್ಮ

ಅದು ಹಳೆಯದು. ಅಮೆರಿಕದಲ್ಲಿ 2022ರ ಮೇ ತಿಂಗಳಲ್ಲಿ ಮೊದಲು ಒಪ್ಪಿಗೆ ಸಿಕ್ಕಾಗ 12 ವರ್ಷ, 40 ಕೆಜಿ ಅಂತ ಇತ್ತು. 2024ರ ಜನವರಿಯಲ್ಲಿ ಒಂದು ವರ್ಷದ ಮೇಲಿನ, ಕನಿಷ್ಠ 15 ಕೆಜಿ ಇರುವ ಮಕ್ಕಳಿಗೂ ವಿಸ್ತರಿಸಿದರು. ಪ್ರಮಾಣ ತೂಕದ ಮೇಲೆ ಹೋಗುತ್ತದೆ. ನನ್ನ ಮಗಳು 22 ಕೆಜಿ, ಎರಡು ವಾರಕ್ಕೊಮ್ಮೆ 200 ಮಿಲಿಗ್ರಾಂ. 40 ಕೆಜಿ ದಾಟಿದವರಿಗೆ ವಾರಕ್ಕೆ 300.

ಹಾಲು ಬಿಟ್ಟವನು

ಎಲ್ಲರೂ ಇಂಜೆಕ್ಷನ್ ಇಂಜೆಕ್ಷನ್ ಅಂತಿದ್ದೀರಿ. ಮೊದಲು ಆಹಾರ ನೋಡಿದಿರಾ? ನಾನು ಹಾಲು ಮತ್ತು ಹಾಲಿನಿಂದ ಮಾಡಿದ್ದೆಲ್ಲ ಬಿಟ್ಟೆ, ಬೇರೆ ಏನೂ ಮಾಡಲಿಲ್ಲ. ಆರು ವಾರದ ನಂತರದ ಬಯಾಪ್ಸಿಯಲ್ಲಿ 48 ಇದ್ದದ್ದು 2. ನಾಲ್ಕು ವರ್ಷದಿಂದ ಹಾಗೇ ಇದೆ. ಕಾರಣ ಆಹಾರ ಆಗಿರುವಾಗ ಕಾರಣವನ್ನು ತೆಗೆಯುವುದು ಬಿಟ್ಟು ಜೀವನಪೂರ್ತಿ ಔಷಧಿ ಯಾಕೆ?

ಸ್ಲೈಡ್ ನೋಡುವವಳು

ನಿಮಗೆ ಕೆಲಸ ಮಾಡಿದ್ದು ನಿಜಕ್ಕೂ ಖುಷಿ. ಹಾಲು ಒಂದನ್ನೇ ಬಿಡುವುದಕ್ಕೂ ಹಾಲು, ಗೋಧಿ, ಮೊಟ್ಟೆ, ಸೋಯಾ, ಮೀನು, ಬೀಜಗಳು ಹೀಗೆ ಆರು ಬಿಡುವುದಕ್ಕೂ ಹೋಲಿಸಿದ ಒಂದು ಪ್ರಯೋಗ 2023ರಲ್ಲಿ ಬಂತು, 129 ವಯಸ್ಕರ ಮೇಲೆ. ಹಾಲು ಮಾತ್ರ ಬಿಟ್ಟವರಲ್ಲಿ 34%, ಆರೂ ಬಿಟ್ಟವರಲ್ಲಿ 40% ಜನರ ಬಯಾಪ್ಸಿ ಸರಿಹೋಯಿತು. ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟು ಇರಲಿಲ್ಲ. ಅಂದರೆ ನಿಮ್ಮ ದಾರಿ ಒಳ್ಳೆಯ ದಾರಿ. ಆದರೆ ಮೂವರಲ್ಲಿ ಒಬ್ಬರಿಗೆ.

ಹಾಲು ಬಿಟ್ಟವನು

ಆ ಒಬ್ಬ ತಾನೇ ಆಗಿರಬಹುದು ಅಂತ ಪ್ರಯತ್ನಿಸಿ ನೋಡಬೇಕಲ್ವಾ? ಚರ್ಮದ ಅಲರ್ಜಿ ಪರೀಕ್ಷೆ ಮಾಡಿಸಿ ಯಾವ ಆಹಾರ ಅಂತ ತಿಳಿದುಕೊಂಡರೆ ಇನ್ನೂ ಸುಲಭ.

ಗಟ್ಟಿ ಮಾತು

ಇಲ್ಲ ಇಲ್ಲ, ಅಲ್ಲೇ ಎಲ್ಲರೂ ಎಡವುವುದು. ಚರ್ಮದ ಪರೀಕ್ಷೆ ಹಿಡಿಯುವುದು ಐಜಿಇ ಅಲರ್ಜಿಯನ್ನು, ತಿಂದ ತಕ್ಷಣ ದದ್ದು ಏಳುವ ಥರದ್ದು. ಇಒಇ ಮುಖ್ಯವಾಗಿ ಆ ದಾರಿಯಲ್ಲಿ ನಡೆಯುವುದಿಲ್ಲ. ಐಜಿಇ ತಡೆಯುವ ಒಮಾಲಿಝುಮಾಬ್ ಕೊಟ್ಟೂ ನೋಡಿದ್ದಾರೆ, ಇಒಇಗೆ ಪ್ರಯೋಜನ ಆಗಲಿಲ್ಲ. ನನ್ನ ಚರ್ಮದ ಪರೀಕ್ಷೆಯಲ್ಲಿ ಏಳು ಆಹಾರ ಬಂತು, ಏಳೂ ಬಿಟ್ಟೆ, ಆರು ಕೆಜಿ ಇಳಿದೆ, ಬಯಾಪ್ಸಿ ಒಂಚೂರೂ ಬದಲಾಗಲಿಲ್ಲ. ಬಿಟ್ಟು, ಬಯಾಪ್ಸಿ ಮಾಡಿಸಿ, ಮತ್ತೆ ಸೇರಿಸಿ, ಮತ್ತೆ ಬಯಾಪ್ಸಿ ಮಾಡಿಸಿಯೇ ತಿಳಿಯಬೇಕು.

ಹಾಲು ಬಿಟ್ಟವನು

ಸರಿ, ಚರ್ಮದ ಪರೀಕ್ಷೆಯ ಮಾತು ವಾಪಸ್ ತೆಗೆದುಕೊಂಡೆ. ಹಾಲಿನ ಮಾತು ತೆಗೆದುಕೊಳ್ಳಲ್ಲ.

ಕ್ರೋನ್ಸ್ ಗೆಳೆಯ

ನನ್ನದು ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆ, ಇನ್‌ಫ್ಲಿಕ್ಸಿಮಾಬ್ ಮೇಲೆ ಒಂಬತ್ತು ವರ್ಷ. ಬಯೋಲಾಜಿಕ್, ಅಂದ್ರೆ ಇಂಥ ಪ್ರೊಟೀನ್ ಔಷಧಿ, ಅಂತ ಭಯ ಪಡಬೇಡಿ ಸ್ನೇಹಿತರೇ. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಕಡ್ಡಾಯ, ಅದನ್ನು ಮರೆಯಬೇಡಿ. ಇದೇ ಔಷಧಿ ಇಒಇಗೂ ಕೊಡಬಹುದಲ್ವಾ, ಎರಡೂ ಕರುಳಿನ ಉರಿಯೂತವೇ ತಾನೇ?

ರಾತ್ರಿ ಪಾಳಿ ನರ್ಸ್

ಅಣ್ಣ, ಉರಿಯೂತ ಅನ್ನುವ ಪದ ಒಂದೇ, ಒಳಗಿನ ಯಂತ್ರ ಬೇರೆ ಬೇರೆ. ಇನ್‌ಫ್ಲಿಕ್ಸಿಮಾಬ್ ಟಿಎನ್‌ಎಫ್ ಅನ್ನುವ ಉರಿಯೂತದ ಪ್ರೊಟೀನನ್ನು ತಡೆಯುತ್ತದೆ, 1998ರಿಂದ ಕ್ರೋನ್ಸ್‌ಗೆ ಇದೆ. ಟಿಎನ್‌ಎಫ್ ನಮ್ಮ ದೇಹದಲ್ಲಿ ಟಿಬಿಯನ್ನು ಕಟ್ಟಿಹಾಕುವ ಕೆಲಸ ಮಾಡುತ್ತದೆ, ಅದಕ್ಕೇ ನಿಮಗೆ ಆ ಪರೀಕ್ಷೆ. ಡುಪಿಲುಮಾಬ್ ಆ ದಾರಿಯನ್ನು ಮುಟ್ಟುವುದಿಲ್ಲ. ಅದು ಮುಟ್ಟುವುದು ಅಲರ್ಜಿಯ ದಾರಿ, ಹುಳುಗಳ ವಿರುದ್ಧ ದೇಹ ಬಳಸುವ ದಾರಿ. ಹಾಗಾಗಿ ಹೊಟ್ಟೆಹುಳು ಇದ್ದರೆ ಮೊದಲು ಅದಕ್ಕೆ ಔಷಧಿ ತೆಗೆದುಕೊಂಡು ಆಮೇಲೆ ಇದನ್ನು ಶುರು ಮಾಡಬೇಕು. ದುರ್ಬಲ ಮಾಡಿದ ಜೀವಂತ ರೋಗಾಣು ಇರುವ ಲೈವ್ ಲಸಿಕೆಗಳನ್ನು ಇದರ ಜೊತೆ ಹಾಕಿಸಿಕೊಳ್ಳಬಾರದು, ಬೇಕಿದ್ದರೆ ಮೊದಲೇ ಮುಗಿಸಿ.

ಇಮ್ಯುನಿಟಿ ಪೂರ್ತಿ ಹೋಗುತ್ತದೆ ಅಂತ ಹೆದರಿ ಬಿಟ್ಟವರನ್ನು ನೋಡಿದ್ದೇನೆ, ಹಾಗಲ್ಲ ಅದು. ಜಾಸ್ತಿ ಜನರಿಗೆ ಆಗುವುದು ಚುಚ್ಚಿದ ಜಾಗ ಕೆಂಪಾಗಿ ಊದುವುದು. ಕೆಲವರಿಗೆ ಕೀಲುನೋವು, ಬಾಯಿ ಹತ್ತಿರ ಹರ್ಪಿಸ್ ಗುಳ್ಳೆ ಬರುತ್ತದೆ. ಕಣ್ಣು ಕೆಂಪಾಗಿ ಉರಿಯುವುದು ಚರ್ಮದ ಎಕ್ಸಿಮಾ ಇರುವವರಲ್ಲಿ ಜಾಸ್ತಿ. ಕಣ್ಣಿನ ತೊಂದರೆ ಬಂದರೆ ಮಾತ್ರ ಸುಮ್ನೆ ಕೂರಬೇಡಿ, ಹೇಳಿ.

ಮೂರನೇ ಬೆಂಚು

ಇದನ್ನೆಲ್ಲ ಮಾತ್ರೆಯಾಗಿ ಯಾಕೆ ಮಾಡಲ್ಲ?

ರಾತ್ರಿ ಪಾಳಿ ನರ್ಸ್

ಪ್ರೊಟೀನ್ ಅದು. ನುಂಗಿದರೆ ಹೊಟ್ಟೆ ಅದನ್ನು ಊಟದ ಹಾಗೆ ಜೀರ್ಣ ಮಾಡಿಬಿಡುತ್ತದೆ.

ಮಳೆಬಿಲ್ಲು

ನನ್ನದು ಅನ್ನನಾಳ ಅಲ್ಲ, ಜಠರ. ಇಯೊಸಿನೊಫಿಲಿಕ್ ಗ್ಯಾಸ್ಟ್ರೈಟಿಸ್. ನಮ್ಮ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ ಅನ್ನಿಸುತ್ತದೆ. ಲಿರೆಂಟೆಲಿಮಾಬ್ ಮೊದಲ ಫಲಿತಾಂಶ ಬಂದಿದ್ದು ನಮ್ಮ ಕಾಯಿಲೆಯಲ್ಲೇ, ಆ ಸುದ್ದಿ ಓದಿದ ದಿನ ನಾನು ಮನೆಯವರಿಗೆಲ್ಲ ಫೋನ್ ಮಾಡಿದ್ದೆ. ಆಮೇಲೆ ಅದು ಬಿದ್ದುಹೋಯಿತು ಅಂತ ಗೊತ್ತಾದಾಗ ಯಾರಿಗೂ ಹೇಳಲೇ ಇಲ್ಲ. ಇನ್ನೂ ಸ್ಟೀರಾಯ್ಡ್ ಮಾತ್ರೆ ಏರಿಸಿ ಇಳಿಸಿ ದಿನ ದೂಡುತ್ತಿದ್ದೇನೆ. ಇದು ಈ ಚರ್ಚೆಗೆ ಸಂಬಂಧ ಇಲ್ಲ, ಕ್ಷಮಿಸಿ.

ಪುಟ್ಟಿಯ ಅಮ್ಮ

ಸಂಬಂಧ ಇಲ್ಲದೆ ಏನು? ಬರೆಯಿರಿ. ನಾವೆಲ್ಲ ಇರುವುದು ಒಂದೇ ದೋಣಿಯಲ್ಲಿ.

ಹಳೇ ಕೇಸು

ನಿಧಾನದ ಊಟ ಅವರೇ, ಎಲ್ಲರೂ ಮುಂದೆ ಓಡುತ್ತಿದ್ದಾರೆ, ನಾನು ಹಿಂದಿನದ್ದು ಕೇಳುತ್ತೇನೆ. ಬ್ಯುಡೆಸೊನೈಡ್ ಹೇಗೆ ತೆಗೆದುಕೊಳ್ಳುತ್ತಿದ್ದಿರಿ? ಎಷ್ಟು ಅಂತ ಅಲ್ಲ, ಹೇಗೆ ಅಂತ.

ನಿಧಾನದ ಊಟ

ಮಲಗುವ ಮೊದಲು ಗಟ್ಟಿ ದ್ರಾವಣದ ಹಾಗೆ ಕಲಸಿ ನುಂಗುತ್ತಿದ್ದೆ. ರುಚಿ ಸಹಿಸಲು ಆಗದೆ ತಕ್ಷಣ ಒಂದು ಲೋಟ ನೀರು ಕುಡಿಯುತ್ತಿದ್ದೆ. ಯಾಕೆ?

ಹಳೇ ಕೇಸು

ಅಯ್ಯೋ, ನಾನು ಹೆದರಿದ್ದು ಅದಕ್ಕೇ. ಅದು ಹೊಟ್ಟೆಗೆ ಹೋಗಿ ಕೆಲಸ ಮಾಡುವ ಔಷಧಿ ಅಲ್ಲ. ಗೋಡೆಗೆ ಬಣ್ಣ ಬಳಿದ ಹಾಗೆ ಅನ್ನನಾಳಕ್ಕೆ ಅಂಟಿ ನಿಲ್ಲಬೇಕು. ನುಂಗಿದ ಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಬರುತ್ತದೆ. ನೀವು ಹಚ್ಚಿದ್ದನ್ನು ಆಗಲೇ ತೊಳೆದುಬಿಡುತ್ತಿದ್ದಿರಿ. ಬಾಯಲ್ಲೇ ಕರಗುವ ಬ್ಯುಡೆಸೊನೈಡ್ ಮಾತ್ರೆ 2018ರಿಂದ ಯುರೋಪಿನಲ್ಲಿದೆ, 2024ರಲ್ಲಿ ಅಮೆರಿಕದಲ್ಲಿ ಸಿದ್ಧ ದ್ರಾವಣಕ್ಕೂ ಒಪ್ಪಿಗೆ ಸಿಕ್ಕಿತು. ಎಲ್ಲದರ ಉದ್ದೇಶವೂ ಔಷಧಿ ಅಲ್ಲಿ ಅಂಟಿ ನಿಲ್ಲಲಿ ಅಂತಲೇ.

ನಿಧಾನದ ಊಟ

ಆರು ವರ್ಷ. ಯಾರೂ ಹೇಳಲಿಲ್ಲ. ಯಾರೂ ಅಂದ್ರೆ ಯಾರೂ ಹೇಳಲಿಲ್ಲ.

ಹಾಲು ಬಿಟ್ಟವನು

ಹಾಗಾದರೆ ಇಂಜೆಕ್ಷನ್ ಈಗಲೇ ಬೇಡ. ಮೊದಲು ಬ್ಯುಡೆಸೊನೈಡ್ ಸರಿಯಾಗಿ ಮೂರು ತಿಂಗಳು ತೆಗೆದುಕೊಂಡು ಮತ್ತೆ ಬಯಾಪ್ಸಿ ಮಾಡಿಸಿ.

ಗಟ್ಟಿ ಮಾತು

ನಾನು ಒಪ್ಪಲ್ಲ. ನಾಲ್ಕು ಗಂಟೆ ತುತ್ತು ಸಿಕ್ಕಿಹಾಕಿಕೊಂಡ ಮನುಷ್ಯನಿಗೆ ಇನ್ನೂ ಮೂರು ತಿಂಗಳು ಪರೀಕ್ಷೆ ಅನ್ನುತ್ತೀರಾ? ನಾಳ ಎಷ್ಟು ಕಿರಿದಾಗಿದೆ ಅಂತ ಮೊದಲು ನೋಡಬೇಕು. ನಿಮ್ಮ ಎಂಡೋಸ್ಕೋಪಿ ವರದಿಯಲ್ಲಿ ಉಂಗುರ, ಉದ್ದ ಗೀರು, ಬಿಳಿ ಚುಕ್ಕೆ, ಸ್ಟ್ರಿಕ್ಚರ್ (ನಾಳ ಕಿರಿದಾದ ಜಾಗ) ಅಂತೆಲ್ಲ ಏನಿದೆ?

ನಿಧಾನದ ಊಟ

ವರದಿ ತೆಗೆದು ನೋಡಿದೆ. "ಉಂಗುರಗಳು, ಗೀರುಗಳು, ಕೆಳಭಾಗ ಕಿರಿದು, ಸ್ಕೋಪ್ ಒತ್ತಿ ದಾಟಿಸಬೇಕಾಯಿತು" ಅಂತಿದೆ. ಇಷ್ಟು ದಿನ ಇಯೊಸಿನೊಫಿಲ್ ನಂಬರ್ ಮಾತ್ರ ನೋಡಿ ಮಡಚಿ ಇಡುತ್ತಿದ್ದೆ.

ಗಟ್ಟಿ ಮಾತು

ನೋಡಿ, ಸಿಕ್ಕಿತು. ನಾಳ ಸುಮಾರು 13 ಮಿಲಿಮೀಟರಿಗಿಂತ ಕಿರಿದಾದರೆ ಗಟ್ಟಿ ತುತ್ತು ನಿಲ್ಲುತ್ತದೆ, ಯಾವ ಔಷಧಿ ಕೊಟ್ಟು ಕಣ ಎಷ್ಟೇ ಇಳಿಸಿದರೂ. ಸ್ಲೈಡ್ ಸ್ವಚ್ಛ ಆಗಿಯೂ ಕೆಲವರಿಗೆ ನುಂಗಲು ಆಗದಿರುವುದಕ್ಕೆ ಇದೂ ಒಂದು ಕಾರಣ. ಬಲೂನ್ ಹಾಕಿ ನಿಧಾನವಾಗಿ ಹಿಗ್ಗಿಸುತ್ತಾರೆ, ಒಂದೇ ಸಲಕ್ಕೆ ಅಲ್ಲ. ನನಗೆ ಮೂರು ಸಲ ಆಯಿತು. ಆಮೇಲೆ ಒಂದು ದಿನ ಎದೆನೋವು ಇರುತ್ತದೆ, ಹೆದರಬೇಡಿ. ಆದರೆ ಹಿಗ್ಗಿಸುವುದರಿಂದ ಉರಿಯೂತ ಕಡಿಮೆಯಾಗಲ್ಲ, ಔಷಧಿ ಜೊತೆಗೇ ಬೇಕು.

ಸ್ಲೈಡ್ ನೋಡುವವಳು

ಇದು ಸರಿಯಾದ ಮಾತು. ಉರಿಯೂತ, ನಾರು, ಲಕ್ಷಣ, ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದು ಇಳಿದ ಮಾತ್ರಕ್ಕೆ ಉಳಿದದ್ದೂ ಇಳಿದಿದೆ ಅಂದುಕೊಳ್ಳಬಾರದು. ಡುಪಿಲುಮಾಬ್ ಪ್ರಯೋಗದಲ್ಲೇ ಇದು ಕಾಣುತ್ತದೆ. ವಾರಕ್ಕೊಮ್ಮೆ ಕೊಟ್ಟರೂ ಎರಡು ವಾರಕ್ಕೊಮ್ಮೆ ಕೊಟ್ಟರೂ ಸುಮಾರು 60% ಜನರ ಬಯಾಪ್ಸಿ ಸರಿಹೋಯಿತು, ಪ್ಲಸೀಬೊದಲ್ಲಿ ಸುಮಾರು 6%. ಆದರೆ ನುಂಗುವುದು ಸ್ಪಷ್ಟವಾಗಿ ಸುಧಾರಿಸಿದ್ದು ವಾರಕ್ಕೊಮ್ಮೆ ತೆಗೆದುಕೊಂಡವರಲ್ಲಿ ಮಾತ್ರ. ದೊಡ್ಡವರಿಗೆ ವಾರ ವಾರ ಚುಚ್ಚುವುದು ಅದಕ್ಕೇ. ನಿಮ್ಮ ಮೊದಲ ಪ್ರಶ್ನೆಯ ಇನ್ನೊಂದು ಅರ್ಧಕ್ಕೆ ಇದು ಉತ್ತರ. ಹಾಗೇ 100ರಲ್ಲಿ 40 ಜನರಿಗೆ ಬಯಾಪ್ಸಿ ಸರಿಹೋಗಲಿಲ್ಲ ಅನ್ನುವುದನ್ನೂ ಮನಸ್ಸಲ್ಲಿ ಇಟ್ಟುಕೊಳ್ಳಿ. ಒಂದು ಹೊತ್ತಿಗೆ ಎಂಡೋಸ್ಕೋಪಿ ಮಾಡಿ ನೋಡಲೇಬೇಕು.

ಮಳೆಬಿಲ್ಲು

ಚೆನ್ನಾಗಿ ಅನ್ನಿಸಿದ ಮೇಲೆ ನಿಲ್ಲಿಸಬಹುದಾ?

ಹಳೇ ಕೇಸು

ನಿಲ್ಲಿಸಿದರೆ ಬಹಳ ಜನರಿಗೆ ಮತ್ತೆ ಬರುತ್ತದೆ, ಯಾವ ಔಷಧಿಯಾದರೂ ಅಷ್ಟೇ. ನಾನು ಒಂದು ಸಲ ನಿಲ್ಲಿಸಿದೆ. ನಾಲ್ಕು ತಿಂಗಳು ಏನೂ ಇರಲಿಲ್ಲ, ಐದನೇ ತಿಂಗಳು ತುರ್ತು ವಿಭಾಗದಲ್ಲಿದ್ದೆ.

ನಿಧಾನದ ಊಟ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋದೆ. ನೀರು ಕುಡಿಯುತ್ತಿದ್ದ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಇದನ್ನು ನಾನೇ ಕೇಳಬೇಕಿತ್ತು" ಅಂದರು. ನನಗೆ ಅಷ್ಟು ಸಾಕಾಯಿತು. ಬೇರಿಯಂ ಎಕ್ಸ್‌ರೇ ಮಾಡಿಸಿದರು, ಕೆಳಗೆ ಕಿರಿದಾದ ಜಾಗ 11 ಮಿಲಿಮೀಟರ್. ಇಷ್ಟು ಕಿರಿದಾಗಿರುವುದರಿಂದ ಡುಪಿಲುಮಾಬ್ ಈಗಲೇ ಶುರು ಮಾಡಿ, ಉರಿಯೂತ ಸ್ವಲ್ಪ ತಗ್ಗಿದ ಮೇಲೆ ಬಲೂನ್ ಹಾಕೋಣ ಅಂತ ತೀರ್ಮಾನ ಆಯಿತು. ಹೊಟ್ಟೆಹುಳುವಿನ ಪರೀಕ್ಷೆಯೂ ಆಯಿತು, ಏನೂ ಇಲ್ಲ. ಹಾಲು ಬಿಟ್ಟವನು ಅವರೇ, ಆಹಾರದ ವಿಷಯವನ್ನೂ ಕೇಳಿದೆ. ಬಲೂನ್ ಆದ ಮೇಲೆ ಡಯಟಿಷಿಯನ್ ಜೊತೆ ಕೂತು ನೋಡೋಣ ಅಂದಿದ್ದಾರೆ.

ಮೊದಲ ಇಂಜೆಕ್ಷನ್ ನಾಳೆ, ಮನೆಯಲ್ಲಿ ನಾನೇ ಹಾಕಿಕೊಳ್ಳಬೇಕು. ಒಂದು ಸಲ ತೋರಿಸಿಕೊಟ್ಟಿದ್ದಾರೆ, ಆದರೂ ಕೈ ನಡುಗುತ್ತದೆ. ಯಾರಾದರೂ ಹೇಳಿಕೊಡಿ.

ರಾತ್ರಿ ಪಾಳಿ ನರ್ಸ್

ಫ್ರಿಜ್ಜಿನಿಂದ ತೆಗೆದು 45 ನಿಮಿಷ ಹಾಗೇ ಮೇಜಿನ ಮೇಲೆ ಬಿಡಿ. ಬಿಸಿನೀರಿಗೆ ಇಡಬೇಡಿ, ಬಿಸಿಲಿಗೆ ಇಡಬೇಡಿ, ಅಲುಗಾಡಿಸಬೇಡಿ. ತಣ್ಣಗಿದ್ದಾಗಲೇ ಚುಚ್ಚಿದರೆ ಜಾಸ್ತಿ ಉರಿಯುತ್ತದೆ, ಅವಸರ ಮಾಡಿದವರೆಲ್ಲ ಹೇಳುವುದು ಇದನ್ನೇ. ತೊಡೆ ಅಥವಾ ಹೊಟ್ಟೆ, ಹೊಟ್ಟೆಯಾದರೆ ಹೊಕ್ಕುಳಿನ ಸುತ್ತ 5 ಸೆಂಟಿಮೀಟರ್ ಬಿಟ್ಟು. ಮೊದಲ ಸಲಕ್ಕೆ ತೊಡೆ ಸುಲಭ, ಕೂತು ಎರಡೂ ಕೈಗೆ ಸಿಗುತ್ತದೆ. ಚರ್ಮವನ್ನು ಮೆತ್ತಗೆ ಹಿಡಿದು, ನಿಧಾನವಾಗಿ ಪೂರ್ತಿ ಒತ್ತಿ. ಆಮೇಲೆ ಉಜ್ಜಬೇಡಿ. ಯಾವ ಜಾಗ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ, ಮುಂದಿನ ವಾರ ಬೇರೆ ಜಾಗ.

ಪುಟ್ಟಿಯ ಅಮ್ಮ

ನನ್ನ ಮಗಳು ಹೇಳಿಕೊಡುತ್ತಿದ್ದಾಳೆ: ಹಾಕಿಕೊಳ್ಳುವಾಗ ಇಪ್ಪತ್ತರವರೆಗೆ ಎಣಿಸಿ, ಅಷ್ಟರಲ್ಲಿ ಮುಗಿಯುತ್ತದಂತೆ.

ನಿಧಾನದ ಊಟ

ಆಯಿತು. ಎಡ ತೊಡೆ. ನಾನು ಹದಿನಾಲ್ಕಕ್ಕೆ ಮುಗಿಸಿದೆ ಅಂತ ಪುಟ್ಟಿಗೆ ಹೇಳಿ. ಮುಂದಿನ ವಾರ ಬಲ ತೊಡೆ.